ಕಿವಿಗೆ ಕೇಳದ್ದು ಫೋನಿಗೆ ಕೇಳುತ್ತದೆ

ಗಣೇಶೋತ್ಸವದ ವೇದಿಕೆಯಲ್ಲಿ ಮಿಮಿಕ್ರಿ ಕಲಾವಿದರೊಬ್ಬರು ಮೈಕ್ ಹಿಡಿದು ‘ಅಭಿಮಾನಿ ದೇವರುಗಳೇ’ ಎಂದು ಶುರು ಮಾಡಿದರೆ ಸಾಕು, ಕುಳಿತವರಿಗೆಲ್ಲ ರಾಜ್‌ಕುಮಾರ್ ಬಂದು ನಿಂತಂತಾಗುತ್ತದೆ. ಮರುಗಳಿಗೆ ವಜ್ರಮುನಿ ಗುಡುಗುತ್ತಾರೆ, ಅದರ ಬೆನ್ನಿಗೇ ಅಂಬರೀಶ್. ಇದೇ ಕಲಾವಿದರು ನಾಲ್ಕು ದಿನ ನಿಮ್ಮ ದನಿಯ ಅಭ್ಯಾಸ ಮಾಡಿ, ನೀವು ಮೇಜಿನ ಮೇಲೆ ಬಿಟ್ಟುಹೋದ ಮೊಬೈಲನ್ನು ನಿಮ್ಮಂತೆಯೇ ಕರೆದರೆ ಅದು ಓಗೊಡುತ್ತದೆಯೆ?

ಬಹುಮಟ್ಟಿಗೆ ಇಲ್ಲ. ಮನೆಯವರು ಒಂದು ಕ್ಷಣ ಮೋಸಹೋಗಬಹುದು, ಫೋನ್ ಮೋಸಹೋಗುವ ಸಾಧ್ಯತೆ ಕಡಿಮೆ. ಆದರೆ ನಿನ್ನೆ ನೀವು ಫೋನನ್ನು ಕರೆದದ್ದನ್ನು ಪಕ್ಕದಲ್ಲಿದ್ದವರು ಸುಮ್ಮನೆ ರೆಕಾರ್ಡ್ ಮಾಡಿಕೊಂಡಿದ್ದು, ಇವತ್ತು ಅದನ್ನು ಒಂದು ಸಾಧಾರಣ ಸ್ಪೀಕರಿನಲ್ಲಿ ಕೇಳಿಸಿದರೆ ಫೋನ್ ಎದ್ದರೂ ಎದ್ದೀತು. ‘ಇದು ಸ್ಪೀಕರಿನಿಂದ ಬರುತ್ತಿರುವ ಸದ್ದು’ ಎಂದು ಮಕ್ಕಳ ಕಿವಿಗೂ ತಟ್ಟನೆ ಗೊತ್ತಾಗುವಂಥದ್ದು ಅದು. ಕಲಾವಿದರಿಗೆ ಬಗ್ಗದ ಯಂತ್ರ ಅಗ್ಗದ ಸ್ಪೀಕರಿಗೆ ಬಗ್ಗುತ್ತದೆ. ಮನುಷ್ಯರ ಕಿವಿ ಎಡವುವ ಜಾಗವೇ ಬೇರೆ, ಫೋನಿನ ಕಿವಿ ಎಡವುವ ಜಾಗವೇ ಬೇರೆ. ಸಿರಿ, ಗೂಗಲ್ ಅಸಿಸ್ಟೆಂಟ್‌ನಂಥ ಧ್ವನಿ ಸಹಾಯಕಗಳ ಭದ್ರತೆಯ ತಲೆನೋವು ಹುಟ್ಟುವುದು ಇಲ್ಲಿಂದ.

ಮಿಮಿಕ್ರಿಯವರು ಹಿಡಿಯುವುದು ಮಾತಿನ ವರಸೆಯನ್ನು. ಎಲ್ಲಿ ಎಳೆಯುತ್ತಾರೆ, ಎಲ್ಲಿ ತಡೆದು ನಿಲ್ಲುತ್ತಾರೆ, ಯಾವ ಪದವನ್ನು ಒತ್ತುತ್ತಾರೆ, ಇಷ್ಟು ಸಿಕ್ಕರೆ ಉಳಿದದ್ದನ್ನು ಕೇಳುವವರ ನೆನಪೇ ತುಂಬಿಕೊಡುತ್ತದೆ. ಫೋನಿಗೆ ಅಂಥ ನೆನಪೂ ಇಲ್ಲ, ಅಭಿಮಾನವೂ ಇಲ್ಲ. ಗಂಟಲು, ಬಾಯಿ, ಮೂಗಿನ ಪೊಳ್ಳುಗಳ ಆಕಾರ ದನಿಯ ಮೇಲೆ ಬಿಟ್ಟಿರುವ ಗುರುತನ್ನು ಅದು ಅಳೆಯುತ್ತದೆ. ಇಬ್ಬರು ಒಂದೇ ಶ್ರುತಿಯಲ್ಲಿ ಒಂದೇ ‘ಆ’ಕಾರ ತೆಗೆದರೂ ಯಾವ ಕಂಪನ ಎಷ್ಟು ಬಲವಾಗಿದೆ ಎಂಬ ಲೆಕ್ಕ ಇಬ್ಬರಲ್ಲಿ ಒಂದೇ ಆಗಿರುವುದಿಲ್ಲ. ಮೂಳೆ ಮಾಂಸದ ಈ ಅಳತೆಯನ್ನು ಬದಲಿಸಿಕೊಳ್ಳುವುದು ಎಂಥ ಕಲಾವಿದರಿಗೂ ಕಷ್ಟ. ರೆಕಾರ್ಡಿಂಗಿನಲ್ಲಾದರೋ ಅಳತೆ ನಿಮ್ಮದೇ.

ಈ ಕೇಳುವ ಕೆಲಸ ಒಳಗೆ ಹೇಗೆ ನಡೆಯುತ್ತದೆ ಎಂಬುದನ್ನು ಆಪಲ್ ಕಂಪನಿ 2017ರಲ್ಲಿ ತಾನೇ ವಿವರವಾಗಿ ಬರೆದು ಪ್ರಕಟಿಸಿತು. ಮೈಕಿಗೆ ಬಿದ್ದ ಸದ್ದು ಸೆಕೆಂಡಿಗೆ 16,000 ಅಂಕಿಗಳಾಗುತ್ತದೆ. ಆ ಅಂಕಿಗಳಿಂದ ಸೆಕೆಂಡಿನ ನೂರನೇ ಒಂದು ಭಾಗಕ್ಕೊಂದರಂತೆ ಸದ್ದಿನ ಚಿತ್ರ ತಯಾರಾಗುತ್ತದೆ. ಇಂಥ ಸುಮಾರು ಇಪ್ಪತ್ತು ಚಿತ್ರಗಳನ್ನು, ಅಂದರೆ 0.2 ಸೆಕೆಂಡಿನ ಸದ್ದನ್ನು, ಒಟ್ಟಿಗೆ ನೋಡಿ ‘ಹೇ ಸಿರಿ’ ಎಂಬ ಕರೆಯ ಯಾವ ತುಣುಕು ಇದಾಗಿರಬಹುದು ಎಂದು ತಂತ್ರಾಂಶ ಅಂದಾಜು ಮಾಡುತ್ತದೆ. ಮುಖ್ಯ ಪ್ರೊಸೆಸರನ್ನು ಹಗಲೂ ರಾತ್ರಿ ಎಬ್ಬಿಸಿಟ್ಟರೆ ಬ್ಯಾಟರಿ ಉಳಿಯುವುದಿಲ್ಲ. ಹಾಗಾಗಿ ಮೊದಲ ಕಾವಲು ಕಡಿಮೆ ವಿದ್ಯುತ್ತಿನಲ್ಲಿ ಓಡುವ ಪುಟ್ಟ ಪ್ರೊಸೆಸರಿನದು. ಅದಕ್ಕೆ ‘ಇರಬಹುದು’ ಅನ್ನಿಸಿದಾಗ ಮಾತ್ರ ದೊಡ್ಡದು ಎದ್ದು ಅದೇ ಸದ್ದನ್ನು ಮತ್ತೊಮ್ಮೆ ಬಿಗಿಯಾಗಿ ಪರೀಕ್ಷಿಸುತ್ತದೆ.

ಇಷ್ಟಾದರೂ ಉತ್ತರ ಸಿಕ್ಕಿದ್ದು ‘ಏನು ಹೇಳಿದರು’ ಎಂಬ ಪ್ರಶ್ನೆಗೆ. ‘ಯಾರು ಹೇಳಿದರು’ ಎಂಬುದು ಬೇರೆಯೇ ಪ್ರಶ್ನೆ. ಹೊಸ ಫೋನ್ ತೆಗೆದುಕೊಂಡಾಗ ಕೆಲವು ವಾಕ್ಯಗಳನ್ನು ನಮ್ಮಿಂದ ಹೇಳಿಸಿಕೊಳ್ಳುವುದು ಅದಕ್ಕಾಗಿ. ಆ ನಾಲ್ಕೈದು ಮಾತುಗಳಿಂದ ನಮ್ಮ ದನಿಯ ಗುಣವನ್ನು ಸಂಖ್ಯೆಗಳ ಒಂದು ಸಾಲಾಗಿ ಫೋನ್ ಬರೆದಿಟ್ಟುಕೊಳ್ಳುತ್ತದೆ. ಮುಂದೆ ಕರೆ ಬಂದಾಗಲೆಲ್ಲ ಹೊಸ ಸಾಲನ್ನು ಹಳೆಯದರ ಪಕ್ಕದಲ್ಲಿಟ್ಟು ಎಷ್ಟು ಹತ್ತಿರವಿದೆ ಎಂದು ನೋಡುತ್ತದೆ. ಎಷ್ಟು ಹತ್ತಿರವಿದ್ದರೆ ‘ಇವರೇ’ ಎನ್ನಬೇಕು? ಗೆರೆಯನ್ನು ತೀರಾ ಬಿಗಿಯಾಗಿ ಎಳೆದರೆ ನೆಗಡಿಯಾದ ದಿನ ಯಜಮಾನರನ್ನೇ ಫೋನ್ ಗುರುತಿಸುವುದಿಲ್ಲ. ಸಡಿಲ ಬಿಟ್ಟರೆ ತಮ್ಮನ ದನಿಗೂ ಏಳುತ್ತದೆ. ದುಡ್ಡು ಕೊಟ್ಟು ಕೊಂಡ ಫೋನ್ ನಮ್ಮ ಕರೆಗೇ ಏಳದಿದ್ದರೆ ಸಿಟ್ಟು ಬರುತ್ತದೆ, ತಮ್ಮನ ಕರೆಗೆ ಎದ್ದರೆ ನಗು ಬರುತ್ತದೆ. ಕಂಪನಿಗಳು ಯಾವ ಕಡೆಗೆ ವಾಲುತ್ತವೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಗುರುತಿಸುವ ಈ ಏರ್ಪಾಡಿನ ಉದ್ದೇಶವೇ ಭದ್ರತೆಯಾಗಿರಲಿಲ್ಲ. ಬೇರೆಯವರ ಮಾತಿಗೆ, ಕರೆಯನ್ನು ಹೋಲುವ ಮಾತಿಗೆ ಫೋನ್ ಸುಮ್ಮಸುಮ್ಮನೆ ಏಳದಿರಲಿ ಎಂಬುದಷ್ಟೇ ಆಪಲ್ ಆಗ ಕೊಟ್ಟ ಕಾರಣ. ಸಿರಿ ಎಂಬ ಹೆಸರಿನ ಹುಡುಗಿಯರು ನಮ್ಮಲ್ಲಿ ಕಡಿಮೆಯೇನಿಲ್ಲ. ‘ಏ ಸಿರಿ, ಊಟಕ್ಕೆ ಬಾರೇ’ ಎಂದು ಅಜ್ಜಿ ಅಡುಗೆಮನೆಯಿಂದ ಕೂಗಿದಾಗ ಮೊಮ್ಮಗಳು ಬರಬೇಕೇ ಹೊರತು ಅಪ್ಪನ ಐಫೋನ್ ಅಲ್ಲ! ಇಂಥದ್ದನ್ನು ತಪ್ಪಿಸಲು ಮಾಡಿದ ವ್ಯವಸ್ಥೆಯನ್ನು ನಾವು ಬೀಗ ಎಂದು ತಿಳಿದೆವು. ಅದು ಕರೆಗಂಟೆ. ಒತ್ತಿದವರು ಯಾರು ಎಂದು ಅಂದಾಜು ಮಾಡುವ ಜಾಣ ಕರೆಗಂಟೆ ಎನ್ನಿ, ಬೇಕಾದರೆ.

ಇನ್ನೂ ಒಂದು ವಿಷಯ ಹೆಚ್ಚಿನವರಿಗೆ ತಿಳಿದಿಲ್ಲ. ದನಿಯ ಹೋಲಿಕೆ ಸಾಮಾನ್ಯವಾಗಿ ನಡೆಯುವುದು ‘ಹೇ ಸಿರಿ’, ‘ಹೇ ಗೂಗಲ್’ ಎಂಬ ಎರಡು ಪದಗಳ ಮಟ್ಟಿಗೆ ಮಾತ್ರ. ಇವಕ್ಕೆ ವೇಕ್ ವರ್ಡ್ ಎನ್ನುತ್ತಾರೆ. ಅದು ದಾಟಿದ ಮೇಲೆ ಬರುವ ಆಜ್ಞೆಯನ್ನು ಹೇಳುತ್ತಿರುವವರು ಯಾರು ಎಂಬುದನ್ನು ಈ ಸಹಾಯಕಗಳು ಮತ್ತೆ ನೋಡುವುದಿಲ್ಲ ಎಂದು ಸಂಶೋಧಕರು ತೋರಿಸಿದ್ದಾರೆ. ನೀವು ಫೋನನ್ನು ಎಬ್ಬಿಸಿ ಬಾಯಿ ತೆರೆಯುವ ಮೊದಲೇ ಪಕ್ಕದ ಸೀಟಿನ ಹುಡುಗ ‘ಅಮ್ಮನಿಗೆ ಫೋನ್ ಮಾಡು’ ಎಂದರೆ ಕರೆ ಹೋಗುತ್ತದೆ.

ಗೂಗಲ್ ಒಂದು ಹಂತದಲ್ಲಿ ಮುಂದೆ ಹೋಗಿ ದನಿಯಿಂದಲೇ ಆಂಡ್ರಾಯ್ಡ್ ಫೋನಿನ ಬೀಗ ತೆಗೆಯುವ ಸೌಲಭ್ಯ ಕೊಟ್ಟಿತ್ತು. ಅದನ್ನು ಆನ್ ಮಾಡುವಾಗಲೇ ‘ನಿಮ್ಮದನ್ನು ಹೋಲುವ ದನಿ ಅಥವಾ ನಿಮ್ಮ ದನಿಯ ರೆಕಾರ್ಡಿಂಗ್ ಇದ್ದರೂ ಫೋನ್ ತೆರೆದುಕೊಳ್ಳಬಹುದು’ ಎಂಬರ್ಥದ ಎಚ್ಚರಿಕೆ ತೆರೆಯ ಮೇಲೆ ಬರುತ್ತಿತ್ತು. ಬೀಗ ಮಾರುವವರೇ ಇಷ್ಟು ಹೇಳಿದ ಮೇಲೆ ಇನ್ನೇನು ಬೇಕು? 2019ರ ಹೊತ್ತಿಗೆ ಅವರು ಆ ಸೌಲಭ್ಯವನ್ನು ಹಿಂದಕ್ಕೆ ಪಡೆಯತೊಡಗಿದರು. ಒಳ್ಳೆಯದೇ ಆಯಿತು.

ಫೋನಿನ ಕಿವಿ ನಮ್ಮ ಕಿವಿಯಂಥದ್ದಲ್ಲ ಎಂಬುದಕ್ಕೆ ನನ್ನ ಮಟ್ಟಿಗೆ ಅತಿ ಸ್ವಾರಸ್ಯದ ಸಾಕ್ಷಿ 2017ರಲ್ಲಿ ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದಿಂದ ಬಂತು. ಮನುಷ್ಯರಿಗೆ ಕೇಳುವುದು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದು. ಅದರಾಚೆಯದು ಬಾವಲಿ, ಡಾಲ್ಫಿನ್‌ಗಳ ಲೋಕ. ಸಂಶೋಧಕರು ‘ಹೇ ಸಿರಿ’ ಎಂಬ ಮಾತನ್ನು ಆ ಮೇಲಿನ ಕಂಪನದ ಅಲೆಯ ಮೇಲೆ ಏರಿಸಿ ಬಿಟ್ಟರು. ರೇಡಿಯೊ ನಿಲಯದವರು ಹಾಡನ್ನು ಎಎಂ ಅಲೆಯ ಮೇಲೆ ಏರಿಸಿ ಕಳಿಸುವ ವಿಧಾನವೇ ಇದು, ಅಲೆ ಮಾತ್ರ ಬೇರೆ. ಕೋಣೆಯಲ್ಲಿದ್ದವರಿಗೆ ಏನೂ ಕೇಳಲಿಲ್ಲ. ಫೋನಿನ ಮೈಕಿಗೆ ಕೇಳಿತು.

ಹೇಗೆ? ಮೈಕಿನ ತೆಳು ಪೊರೆಯೂ ಅದರ ಹಿಂದಿನ ಆಂಪ್ಲಿಫೈಯರೂ ಬಂದ ಸದ್ದನ್ನು ಇದ್ದದ್ದು ಇದ್ದ ಹಾಗೆ ಮುಂದಕ್ಕೆ ದಾಟಿಸುವುದಿಲ್ಲ, ಕೊಂಚ ವಕ್ರವಾಗಿ ದಾಟಿಸುತ್ತವೆ. ಆ ಸಣ್ಣ ವಕ್ರತೆಯಿಂದ ಮೇಲಿನ ಅಲೆ ಕಳಚಿಹೋಗಿ, ಅದು ಹೊತ್ತು ತಂದ ಮಾತು ಮಾಮೂಲಿ ದನಿಯ ಮಟ್ಟಕ್ಕೆ ಇಳಿಯುತ್ತದೆ. ಆಮೇಲೆ ಸೋಸುವ ಸರ್ಕ್ಯೂಟಿಗೆ ಅದು ಯಾರೋ ಎದುರಿಗೆ ನಿಂತು ಆಡಿದ ಮಾತು, ಅಷ್ಟೆ. ಸಂಶೋಧಕರು ಇದಕ್ಕೆ ‘ಡಾಲ್ಫಿನ್ ಅಟ್ಯಾಕ್’ ಎಂದು ಹೆಸರಿಟ್ಟರು. ಸಿರಿ, ಗೂಗಲ್ ನೌ, ಸ್ಯಾಮ್ಸಂಗಿನ ಎಸ್ ವಾಯ್ಸ್, ಅಲೆಕ್ಸಾ ಎಲ್ಲವೂ ಇದಕ್ಕೆ ಮಣಿದವು. ಸದ್ದಿಲ್ಲದ ಆಜ್ಞೆಯಿಂದ ಐಫೋನಿನಲ್ಲಿ ಫೇಸ್‌ಟೈಮ್ ಕರೆ ಹೊರಟಿತು, ಇನ್ನೊಂದು ಫೋನ್ ಏರೋಪ್ಲೇನ್ ಮೋಡಿಗೆ ಹೋಯಿತು. ಯಜಮಾನರ ದನಿ ಬೇಕಲ್ಲ ಎಂದು ಕೇಳಬಹುದು. ಅವರು ಬೇರೆ ಬೇರೆ ಸಂದರ್ಭದಲ್ಲಿ ಆಡಿದ ಪದಗಳಿಂದ ತುಣುಕು ಕತ್ತರಿಸಿ, ‘ಸಿಟಿ’ಯಿಂದ ‘ಸಿ’ ತೆಗೆದು, ‘ಕ್ಯಾರಿ’ಯಿಂದ ‘ರಿ’ ತೆಗೆದು, ಹೊಲಿದು ‘ಹೇ ಸಿರಿ’ ಮಾಡಿದ್ದೂ ಉಂಟು. ದೂರದ ಮಿತಿ ಮಾತ್ರ ಇತ್ತು, ಎರಡು ಮೀಟರಿನ ಒಳಗೇ ಇರಬೇಕು. ತುಂಬಿದ ಮೆಟ್ರೋದಲ್ಲಿ ಎರಡು ಮೀಟರಿನೊಳಗೆ ಎಷ್ಟು ಜನ ಇರುತ್ತಾರೆ ಎಂಬುದನ್ನು ಮೆಜೆಸ್ಟಿಕ್‌ನಲ್ಲಿ ಇಳಿದು ಹತ್ತಿದವರಿಗೆ ಹೇಳಬೇಕಾಗಿಲ್ಲ.

ಎರಡು ವರ್ಷ ಕಳೆದು, 2019ರಲ್ಲಿ, ಜಪಾನ್ ಮತ್ತು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ತಂಡ ಸದ್ದನ್ನೇ ಬಿಟ್ಟು ಬೆಳಕಿಗೆ ಕೈಹಾಕಿತು. ಆಜ್ಞೆಯ ಏರಿಳಿತಕ್ಕೆ ತಕ್ಕಂತೆ ಲೇಸರ್ ಕಿರಣದ ಪ್ರಖರತೆಯನ್ನು ಏರಿಸಿ ಇಳಿಸಿ, ಅದನ್ನು ಮೈಕಿನ ತೂತಿಗೆ ಗುರಿಯಿಟ್ಟರೆ ಮೈಕ್ ಅದನ್ನು ಮಾತೆಂದೇ ತಿಳಿಯುತ್ತದೆ. ಉದ್ದದ ಕಾರಿಡಾರಿನಲ್ಲಿ 110 ಮೀಟರ್ ದೂರದಿಂದ ಸ್ಮಾರ್ಟ್ ಸ್ಪೀಕರ್ ಒಂದಕ್ಕೆ ಹೀಗೆ ಆಜ್ಞೆ ಕೊಟ್ಟರು. ಗೋಪುರವೊಂದರ ಮೇಲಿಂದ 75 ಮೀಟರ್ ಆಚೆಯ ಕಟ್ಟಡದ ಕಿಟಕಿ ಗಾಜಿನ ಮೂಲಕವೂ ಮಾಡಿ ತೋರಿಸಿದರು. ಫೋನುಗಳಲ್ಲಿ ದೂರ ಇದಕ್ಕಿಂತ ಬಹಳ ಕಡಿಮೆ. 2020ರಲ್ಲಿ ಇನ್ನೊಂದು ತಂಡ ಮೇಜಿನ ಹಲಗೆಯ ಮೂಲಕವೇ ಕೇಳದ ಸದ್ದನ್ನು ಹಾಯಿಸಿ, ಅದರ ಮೇಲೆ ಮಲಗಿದ್ದ ಫೋನನ್ನು ಮಾತಾಡಿಸಿತು.

ಇವೆಲ್ಲ ಪ್ರಯೋಗಾಲಯದ ಸಾಹಸಗಳು. ನಮ್ಮೂರಿನ ಕಳ್ಳ ಲೇಸರ್ ಹೊತ್ತು ಗೋಪುರ ಹತ್ತುತ್ತಾನೆ ಎಂದು ಯಾರೂ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಆದರೂ ಇವನ್ನು ಇಷ್ಟು ಹೇಳಿದ್ದು ಯಾಕೆಂದರೆ, ‘ನನಗೆ ಗೊತ್ತಿಲ್ಲದೆ ನನ್ನ ಫೋನಿಗೆ ಯಾರೂ ಮಾತು ಹೇಳಲಾರರು’ ಎಂಬ ನಂಬಿಕೆ ಇವುಗಳ ಮುಂದೆ ನಿಲ್ಲುವುದಿಲ್ಲ.

ನಿದ್ದೆ ಕೆಡಿಸಿಕೊಳ್ಳಬೇಕಾದ್ದು ಬೇರೆ ಇದೆ. ಇಷ್ಟು ದಿನ ಕಿವಿ ಮತ್ತು ಯಂತ್ರ ಬೇರೆ ಬೇರೆ ಕಡೆ ಎಡವುತ್ತಿದ್ದವು. ಈಗ ಎರಡನ್ನೂ ಒಟ್ಟಿಗೆ ಬೀಳಿಸುವ ಸಾಧನ ಬಂದಿದೆ. 2017ರಲ್ಲಿ ಬಿಬಿಸಿ ವರದಿಗಾರರೊಬ್ಬರು ಬ್ರಿಟನ್ನಿನ ಎಚ್‌ಎಸ್‌ಬಿಸಿ ಬ್ಯಾಂಕಿನ ದನಿ ಪರೀಕ್ಷೆಯನ್ನು ದಾಟಲು ತಮ್ಮ ಅವಳಿ ಸಹೋದರನ ನೆರವು ಪಡೆಯಬೇಕಾಯಿತು. ಏಳು ಸಲ ಸೋತು ಎಂಟನೇ ಸಲ ಆ ಸಹೋದರ ಒಳಗೆ ಹೋದರು. ಖಾತೆಯ ಬಾಕಿ ಮೊತ್ತ ಕಾಣಿಸಿತು, ಹಣ ತೆಗೆಯಲಾಗಲಿಲ್ಲ. 2023ರಲ್ಲಿ ಇನ್ನೊಬ್ಬ ಪತ್ರಕರ್ತರು ಲಾಯ್ಡ್ಸ್ ಬ್ಯಾಂಕಿನ ತಮ್ಮದೇ ಖಾತೆಗೆ ಕೃತಕ ಬುದ್ಧಿಮತ್ತೆ ತಯಾರಿಸಿದ ತಮ್ಮ ದನಿಯನ್ನು ಕೇಳಿಸಿ ಒಳಹೊಕ್ಕರು. ಅವಳಿ ಸಹೋದರನೇ ಬೇಕಾಗಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಮೈಕ್ರೊಸಾಫ್ಟ್ ಸಂಶೋಧಕರು ಕೇವಲ ಮೂರು ಸೆಕೆಂಡಿನ ಮಾದರಿಯಿಂದ ಒಬ್ಬರ ದನಿಯನ್ನು ಅನುಕರಿಸುವ ವ್ಯವಸ್ಥೆಯನ್ನು ವಿವರಿಸಿದ್ದರು. ಮೂರು ಸೆಕೆಂಡೆಂದರೆ ‘ಹಲೋ, ಯಾರು ಮಾತಾಡ್ತಿರೋದು?’ ಎನ್ನುವಷ್ಟು ಹೊತ್ತು.

ಪಾಸ್‌ವರ್ಡ್ ಕದ್ದುಹೋದರೆ ಹೊಸದು ಇಟ್ಟುಕೊಳ್ಳಬಹುದು. ದನಿ ಕದ್ದುಹೋದರೆ ಏನು ಮಾಡುವುದು? ಅದೂ ಅಲ್ಲದೆ ಪಾಸ್‌ವರ್ಡನ್ನು ನಾವು ಬಚ್ಚಿಡುತ್ತೇವೆ, ದನಿಯನ್ನು ದಿನವಿಡೀ ಹಂಚುತ್ತೇವೆ. ವಾಟ್ಸ್ಆ್ಯಪ್ ವಾಯ್ಸ್ ಮೆಸೇಜ್, ರೀಲ್ಸ್, ಮದುವೆ ವಿಡಿಯೊ, ಯೂಟ್ಯೂಬಿನಲ್ಲಿ ಹಾಕಿದ ಭಾಷಣ. ಎಲ್ಲರ ಬಳಿ ಪ್ರತಿ ಇರುವ ಕೀಲಿಯನ್ನು ಯಾರೂ ಕೀಲಿ ಎನ್ನುವುದಿಲ್ಲ.

ಈಗ ನಿಮ್ಮ ಜೇಬಿನ ಫೋನಿಗೆ ಬರೋಣ. ಅದರ ತೆರೆ ಬೀಗ ಹಾಕಿದ ಸ್ಥಿತಿಯಲ್ಲಿದ್ದಾಗ ಸಹಾಯಕ ಏನೇನು ಮಾಡಬಲ್ಲದು ಎಂಬುದೇ ಅಸಲು ಪ್ರಶ್ನೆ. ಫೋನಿನ ತಯಾರಕರು, ಆವೃತ್ತಿ, ಸೆಟ್ಟಿಂಗ್ಸ್ ಅನುಸರಿಸಿ ಉತ್ತರ ಬದಲಾಗುತ್ತದೆ. ಕರೆ ಮಾಡುವುದು, ಅಲಾರಂ ಇಡುವುದು ಸಾಮಾನ್ಯವಾಗಿ ಆಗುತ್ತದೆ. ಕೆಲವು ಫೋನುಗಳಲ್ಲಿ ಸಂದೇಶ ಕಳಿಸಬಹುದು, ಇವತ್ತಿನ ಮೀಟಿಂಗು ಎಷ್ಟು ಹೊತ್ತಿಗೆ ಎಂದು ಕೇಳಿದರೆ ಹೇಳಿಬಿಡುತ್ತದೆ. ಬಟನ್ ಒತ್ತಿ ಸಹಾಯಕವನ್ನು ಎಬ್ಬಿಸುವ ಫೋನಾದರೆ ದನಿಯ ಹೋಲಿಕೆಯ ಪ್ರಶ್ನೆಯೂ ಬರುವುದಿಲ್ಲ, ಯಾರು ಒತ್ತಿದರೂ ಏಳುತ್ತದೆ. ಬ್ಯಾಂಕ್ ಆ್ಯಪ್ ತೆರೆ ಎಂದರೆ ಮೊದಲು ಬೀಗ ತೆಗೆಯಿರಿ ಎನ್ನುತ್ತದೆ, ಅಷ್ಟರ ಮಟ್ಟಿಗೆ ವ್ಯವಸ್ಥೆ ಸರಿಯಿದೆ. ಆದರೆ ಲಾಕ್ ಸ್ಕ್ರೀನಿನಲ್ಲಿ ಸಿರಿಯನ್ನು ಮಾತಾಡಿಸುತ್ತಲೇ ಒಳಗಿನ ಫೋಟೊ, ಕಾಂಟ್ಯಾಕ್ಟ್‌ಗಳವರೆಗೆ ದಾರಿ ಮಾಡಿಕೊಂಡ ಲೋಪಗಳು ಐಫೋನಿನ ಹಲವು ಆವೃತ್ತಿಗಳಲ್ಲಿ ಬಯಲಾಗಿವೆ, ಆಪಲ್ ಅವನ್ನು ಒಂದೊಂದಾಗಿ ಮುಚ್ಚಿದೆ. ಬೀಗ ಹಾಕಿದ ಬಾಗಿಲಿನ ಆಚೆ ನಿಂತವರ ಜೊತೆ ಮಾತಿಗೆ ಇಳಿಯುವ ತಂತ್ರಾಂಶ ಇರುವವರೆಗೆ ಇಂಥ ಲೋಪ ಮತ್ತೆ ಸಿಗುವುದಿಲ್ಲ ಎನ್ನಲಾಗದು.

ಹಾಗಾದರೆ ಈ ಸಹಾಯಕಗಳೇ ಬೇಡವೆ? ಖಂಡಿತ ಬೇಕು. ಕಣ್ಣು ಕಾಣದವರಿಗೆ, ಕೈ ನಡುಗುವವರಿಗೆ, ಟೈಪ್ ಮಾಡಲು ಬಾರದ ಹಿರಿಯರಿಗೆ ದನಿಯೇ ಸುಲಭದ ದಾರಿ. ಬಚ್ಚಲಲ್ಲಿ ಜಾರಿಬಿದ್ದವರು ಹಾಲಿನಲ್ಲಿರುವ ಫೋನನ್ನು ಕೂಗಿ ಮಗನಿಗೆ ಕರೆ ಮಾಡಿಸಿದರೆ ಅಲ್ಲಿ ಭದ್ರತೆಯ ಪಾಠ ಹೇಳುವುದು ಮೂರ್ಖತನ. ಗೂಗಲ್ 2017ರಲ್ಲಿ ಕನ್ನಡದಲ್ಲಿ ಮಾತಾಡಿ ಬರೆಸುವ ಸೌಲಭ್ಯ ತಂದಾಗಿನಿಂದ ಎಷ್ಟೋ ಮನೆಗಳ ಅಜ್ಜಿಯರು ಯೂಟ್ಯೂಬಿನಲ್ಲಿ ತಮಗೆ ಬೇಕಾದ ದೇವರನಾಮವನ್ನು ತಾವೇ ಹುಡುಕಿಕೊಳ್ಳುತ್ತಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಕನ್ನಡವೂ ಸೇರಿ ಒಂಬತ್ತು ಭಾರತೀಯ ಭಾಷೆಗಳಲ್ಲಿ, ಪ್ರಾದೇಶಿಕ ಭೇದಗಳ ಸಮೇತ, ಕೃಷಿ ಮತ್ತು ಹಣಕಾಸಿನ ಮಾತುಗಳನ್ನು ಸಂಗ್ರಹಿಸುವ ಕೆಲಸ ಮಾಡಿದೆ. ಧಾರವಾಡದ ರೈತ ತನ್ನ ಮಾತಿನಲ್ಲೇ ಬ್ಯಾಂಕಿನ ಯಂತ್ರವನ್ನು ಕೇಳಿ ಉತ್ತರ ಪಡೆಯುವ ದಿನ ದೂರವಿಲ್ಲ, ಅದು ಬರಲೇಬೇಕು.

ಬರುವಾಗ ಒಂದು ಗೆರೆ ಅಳಿಸಿಹೋಗಬಾರದು. ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ 2023ರ ಸೆಪ್ಟೆಂಬರಿನಲ್ಲಿ ‘ಹಲೋ! ಯುಪಿಐ’ ಎಂಬ ಮಾತಿನ ಮೂಲಕ ಪಾವತಿಸುವ ವ್ಯವಸ್ಥೆಯನ್ನು ಮೊದಲು ಹಿಂದಿ, ಇಂಗ್ಲಿಷಿನಲ್ಲಿ ಘೋಷಿಸಿದಾಗ ಹಣ ಯಾರಿಗೆ, ಎಷ್ಟು ಎಂಬುದನ್ನು ಬಾಯಲ್ಲಿ ಹೇಳಬಹುದು, ವ್ಯವಹಾರ ಮುಗಿಯಬೇಕಾದರೆ ಪಿನ್ ಒತ್ತಬೇಕು ಎಂದಿತು. ಆಜ್ಞೆ ದನಿಯದು, ಒಪ್ಪಿಗೆ ಬೆರಳಿನದು. ಇದು ಸರಿಯಾದ ದಾರಿ. ‘ದನಿ ಗುರುತು ಸಿಕ್ಕಿತಲ್ಲ, ಪಿನ್ ಯಾಕೆ’ ಎಂದು ಯಾವುದಾದರೂ ಕಂಪನಿ ಕೇಳುವ ದಿನ ಬಂದರೆ ಅದನ್ನು ಅನುಕೂಲ ಎಂದು ಒಪ್ಪಿಕೊಳ್ಳಬಾರದು.

ಖಾಸಗಿತನದ ವಿಷಯ ಇನ್ನೊಂದು ಅಂಕಣಕ್ಕಾಗುವಷ್ಟಿದೆ. ಒಂದೇ ಮಾತು ಹೇಳುತ್ತೇನೆ. ಸಿರಿಯ ಧ್ವನಿಮುದ್ರಣಗಳನ್ನು ಗುಣಮಟ್ಟ ಪರೀಕ್ಷೆಗೆಂದು ಗುತ್ತಿಗೆ ನೌಕರರು ಕೇಳುತ್ತಿದ್ದರೆಂದು 2019ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ವರದಿ ಮಾಡಿತು. ಕರೆಯದೆಯೂ ಎದ್ದ ಸಿರಿ ಕೇಳಿಸಿಕೊಂಡ ಖಾಸಗಿ ಮಾತುಗಳೂ ಅದರಲ್ಲಿದ್ದವು. ಆಪಲ್ ಕ್ಷಮೆ ಕೇಳಿ, ಒಪ್ಪಿದವರ ದನಿಯನ್ನು ಮಾತ್ರ ಕೇಳುತ್ತೇವೆ ಎಂದು ಪದ್ಧತಿ ಬದಲಿಸಿತು. ಇಂಥ ದೂರುಗಳ ಮೊಕದ್ದಮೆಯನ್ನು ತಪ್ಪು ಒಪ್ಪಿಕೊಳ್ಳದೆಯೇ 9.5 ಕೋಟಿ ಡಾಲರಿಗೆ ಇತ್ಯರ್ಥ ಮಾಡಿಕೊಳ್ಳಲು ಮುಂದಾದದ್ದು 2025ರ ಜನವರಿಯಲ್ಲಿ ಸುದ್ದಿಯಾಯಿತು.

ಇವತ್ತು ಬಿಡುವಾದಾಗ ಸೆಟ್ಟಿಂಗ್ಸ್ ತೆರೆಯಿರಿ. ಐಫೋನಿನಲ್ಲಿ ಸಿರಿಯ ವಿಭಾಗದಲ್ಲಿ ‘ಅಲೌ ಸಿರಿ ವೆನ್ ಲಾಕ್ಡ್’ ಎಂಬುದಿದೆ, ಆಂಡ್ರಾಯ್ಡ್‌ನಲ್ಲಿ ಅಸಿಸ್ಟೆಂಟ್ ಅಥವಾ ಜೆಮಿನಿಯ ಸೆಟ್ಟಿಂಗ್ಸ್ ಒಳಗೆ ಲಾಕ್ ಸ್ಕ್ರೀನ್ ಎಂಬುದಿರುತ್ತದೆ. ಒಂಟಿಯಾಗಿರುವ ಹಿರಿಯರಿಗೆ, ದೃಷ್ಟಿ ತೊಂದರೆ ಇರುವವರಿಗೆ ಅದು ಆನ್ ಇರಲಿ. ಉಳಿದವರು ಆಫ್ ಮಾಡಿದರೆ ಕಳೆದುಕೊಳ್ಳುವುದು ಹೆಚ್ಚೇನೂ ಇಲ್ಲ. ‘ಅಪ್ಪಾ, ಆಕ್ಸಿಡೆಂಟ್ ಆಗಿದೆ, ತಕ್ಷಣ ದುಡ್ಡು ಹಾಕಿ’ ಎಂದು ಮಗನ ದನಿಯಲ್ಲೇ ಅಪರಿಚಿತ ನಂಬರಿನಿಂದ ಕರೆ ಬಂದರೆ ಇಟ್ಟುಬಿಟ್ಟು, ಮಗನ ನಂಬರಿಗೆ ನೀವೇ ಕರೆ ಮಾಡಿ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಹೇಳಿ. ಮತ್ತು ‘ನಿಮ್ಮ ದನಿಯೇ ಇನ್ನುಮುಂದೆ ನಿಮ್ಮ ಪಾಸ್‌ವರ್ಡ್’ ಎಂದು ಯಾವ ಬ್ಯಾಂಕ್ ಎಷ್ಟು ಚೆನ್ನಾಗಿ ಹೇಳಿದರೂ ಬೇಡ ಎನ್ನಿ.